ಲೈಬ್ರರಿ ಮಾತು, ಸಂಶೋಧನೆಯ ಮಾತು: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ ತಾಲೂಕಿನ ಒಂದು ಹಳ್ಳಿಯ ವಾಚನಾಲಯದಲ್ಲಿ ಸಂಜೆ ಹೊತ್ತು ಬಾಗಿಲು ತೆರೆದು ಕೂರುವ ಕೆಲಸ ನನ್ನದು. ಪೇಪರ್ ಓದಲು ಬರುವವರು ಏನೂ ಕೇಳುವುದಿಲ್ಲ. ಕೇಳುವವರು ಎರಡು ಬಗೆ. ಕನ್ನಡ ಎಂಎ, ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು ಒಂದು ಕಡೆ. ಊರಿನ ಚರಿತ್ರೆ ಬರೆಯಲು ಹೊರಟ ನಿವೃತ್ತ ಮಾಷ್ಟ್ರುಗಳು ಇನ್ನೊಂದು ಕಡೆ. ಇಬ್ಬರೂ ಮೊದಲು ಎಡವುವುದು ಪದಗಳಲ್ಲಿ. ನಮ್ಮ ಕಡೆ ಒಂದೇ ವಸ್ತುವಿಗೆ ಕನ್ನಡದಲ್ಲಿ ಒಂದು ಹೆಸರು, ಮಲಯಾಳದಲ್ಲಿ ಇನ್ನೊಂದು, ಸರಕಾರಿ ಇಂಗ್ಲಿಷಿನಲ್ಲಿ ಮತ್ತೊಂದು. ನೀವು ಕೇಳುವ ಹೆಸರಿನಲ್ಲಿ ಪುಸ್ತಕ ದಾಖಲಾಗಿಲ್ಲದಿದ್ದರೆ ಅದು ಎದುರಿಗೇ ಇದ್ದರೂ ಸಿಗುವುದಿಲ್ಲ. ಎಷ್ಟೋ ಸಲ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ವಾಚನಾಲಯ, ಗ್ರಂಥಾಲಯ, ವಾಯನಶಾಲೆ: ಇವೆಲ್ಲ ಬೇರೆ ಬೇರೆಯಾ?

ಮಾತಿನಲ್ಲಿ ಎಲ್ಲ ಒಂದೇ. ಹಿಂದೆ ಪೇಪರ್, ಮಾಸಿಕಗಳನ್ನು ಕೂತು ಓದುವ ಜಾಗ ವಾಚನಾಲಯ, ಪುಸ್ತಕ ಮನೆಗೆ ಕೊಡುವ ಜಾಗ ಗ್ರಂಥಾಲಯ ಎಂಬ ಭೇದ ಇತ್ತು. ಈಗ ಹೆಚ್ಚಿನ ಕಡೆ ಎರಡೂ ಒಂದೇ ಸೂರಿನಡಿ ಇವೆ. ವಾಯನಶಾಲೆ ಮಲಯಾಳದ ಪದ. ನಮ್ಮಲ್ಲಿ ಬೋರ್ಡಿನ ಮೇಲೆ ಎರಡೂ ಲಿಪಿಯಲ್ಲಿ ಬರೆದಿರುತ್ತಾರೆ.

ಕಾನೂನು ಮಾತ್ರ ಬದಲಾಗುತ್ತಾ ಬಂತು. 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆಗ ಇದ್ದದ್ದು 1948ರ ಮದ್ರಾಸ್ ಗ್ರಂಥಾಲಯ ಕಾಯಿದೆ. ಈಗ ನಡೆಯುತ್ತಿರುವುದು 1989ರ ಕೇರಳ ಕಾಯಿದೆ. ಗಡಿಯಾಚೆ ತಲಪಾಡಿ ದಾಟಿದರೆ 1965ರ ಕರ್ನಾಟಕ ಕಾಯಿದೆ. ಹಾಗಾಗಿ ಮಂಗಳೂರಿನ ನೆಂಟರು ಹೇಳುವ ಲೈಬ್ರರಿ ನಿಯಮ ಇಲ್ಲಿ ಹೊಂದದಿದ್ದರೆ ಆಶ್ಚರ್ಯಪಡಬೇಡಿ.

ಸ್ಟಾಕ್ ರಿಜಿಸ್ಟರ್, ಕ್ಯಾಟಲಾಗ್ ಎರಡೂ ಪುಸ್ತಕದ ಪಟ್ಟಿಯೇ ಅಲ್ವಾ?

ಪಟ್ಟಿಯೇ, ಆದರೆ ಕೆಲಸ ಬೇರೆ. ಸ್ಟಾಕ್ ರಿಜಿಸ್ಟರ್ ಪುಸ್ತಕ ಬಂದ ಕ್ರಮದಲ್ಲಿ ಬರೆಯುವ ಲೆಕ್ಕದ ಪುಸ್ತಕ. ದೊಡ್ಡ ಲೈಬ್ರರಿಗಳಲ್ಲಿ ಇದನ್ನು ಅಕ್ಸೆಷನ್ ರಿಜಿಸ್ಟರ್ ಎನ್ನುತ್ತಾರೆ. ಒಂದೇ ಪುಸ್ತಕದ ಮೂರು ಪ್ರತಿ ಬಂದರೆ ಮೂರು ಸಂಖ್ಯೆ. ಕಳೆದುಹೋದರೆ ಆ ಸಂಖ್ಯೆ ಇನ್ನೊಂದಕ್ಕೆ ಕೊಡುವಂತಿಲ್ಲ. ಇದು ಆಡಿಟ್‌ನವರಿಗೆ ಬೇಕಾದದ್ದು.

ಕ್ಯಾಟಲಾಗ್ ಓದುಗರಿಗೆ ಬೇಕಾದದ್ದು. ಲೇಖಕರ ಹೆಸರು, ಶೀರ್ಷಿಕೆ, ವಿಷಯ, ಈ ಮೂರರಲ್ಲಿ ಯಾವುದು ಗೊತ್ತಿದ್ದರೂ ಪುಸ್ತಕ ಸಿಗಬೇಕು. ಹಿಂದೆ ಇದಕ್ಕೆ ಮರದ ಡ್ರಾಯರಿನಲ್ಲಿ ಕಾರ್ಡುಗಳಿದ್ದವು. ಈಗ ಕಂಪ್ಯೂಟರಿನಲ್ಲಿ ಓದುಗರೇ ಹುಡುಕುವ ಕ್ಯಾಟಲಾಗ್ ಇದೆ, ಅದರ ಹೆಸರು ಓಪ್ಯಾಕ್. ತುಂಬ ಕಾಲೇಜುಗಳು ಇದಕ್ಕೆ ಬಳಸುವ ಕೋಹಾ ಎಂಬ ಉಚಿತ ತಂತ್ರಾಂಶ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಅಲ್ಲಿನ ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ.

ಪುಸ್ತಕದ ಬೆನ್ನಿನ ಮೇಲೆ 894.814 ಅಂತ ಚೀಟಿ ಇರುತ್ತದಲ್ಲ, ಅದು ಏನು?

ಅದು ಪುಸ್ತಕದ ವಿಳಾಸ. ಇಂಗ್ಲಿಷಿನಲ್ಲಿ ಕಾಲ್ ನಂಬರ್ ಎನ್ನುತ್ತಾರೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ ದಶಮಾಂಶ ವರ್ಗೀಕರಣದ ಸಂಖ್ಯೆ ಅದು. ಇಡೀ ಜಗತ್ತಿನ ವಿಷಯಗಳನ್ನು ಅವರು 000ದಿಂದ 900ರವರೆಗೆ ಹತ್ತು ಭಾಗ ಮಾಡಿದರು. 800 ಸಾಹಿತ್ಯ, 900 ಚರಿತ್ರೆ ಮತ್ತು ಭೂಗೋಳ.

894.814ನ್ನು ಎಡದಿಂದ ಬಿಡಿಸಿ ನೋಡಿ. 8 ಎಂದರೆ ಸಾಹಿತ್ಯ. 9 ಎಂದರೆ 'ಇತರ ಭಾಷೆಗಳು'. ಇಂಗ್ಲಿಷ್, ಜರ್ಮನ್, ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಲ್ಯಾಟಿನ್, ಗ್ರೀಕ್ ಎಲ್ಲರಿಗೂ ಜಾಗ ಕೊಟ್ಟ ಮೇಲೆ ಉಳಿದ ಜಗತ್ತಿಗೆಲ್ಲ ಸೇರಿ ಸಿಕ್ಕಿದ್ದು ಇದೊಂದು ಕೋಣೆ. ಆ ಕೋಣೆಯ ಒಳಗೆ ಇನ್ನೂ ಒಳಗೆ ಹೋದರೆ ನಾವು. 894.811 ತಮಿಳು, 894.812 ಮಲಯಾಳ, 894.814 ಕನ್ನಡ. ಕೊನೆಗೆ 1 ಸೇರಿಸಿದರೆ ಕವಿತೆ, 2 ನಾಟಕ, 3 ಕಥೆ ಕಾದಂಬರಿ. ಅಂದರೆ 894.8143 ಕನ್ನಡದ ಕಾದಂಬರಿಗಳ ಸಾಲು.

ಒಂದು ಅಂಕಿಯ ವ್ಯತ್ಯಾಸದಲ್ಲಿ ಕನ್ನಡ ಪುಸ್ತಕ ಮಲಯಾಳದ ಸಾಲಿಗೆ ಹೋಗಿ ಕೂರುತ್ತದೆ. ಎರಡೂ ಭಾಷೆಯ ಪುಸ್ತಕಗಳಿರುವ ನಮ್ಮ ಕಪಾಟುಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಹುಡುಕಿದ ಪುಸ್ತಕ ಅದರ ಜಾಗದಲ್ಲಿ ಇಲ್ಲದಿದ್ದರೆ ಮೊದಲು 894.812ರಲ್ಲಿ ಕಣ್ಣಾಡಿಸಿ.

ನಮ್ಮ ಊರಿನ ಚರಿತ್ರೆಯ ಪುಸ್ತಕಗಳು ಒಂದೇ ಕಡೆ ಯಾಕೆ ಸಿಗುವುದಿಲ್ಲ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಡ್ಯೂಯಿ ಪದ್ಧತಿಯಲ್ಲಿ ಭಾರತದ ಚರಿತ್ರೆ 954. ಅದರಲ್ಲಿ ತಮಿಳುನಾಡಿಗೆ 954.82, ಕೇರಳಕ್ಕೆ 954.83, ಕರ್ನಾಟಕಕ್ಕೆ 954.87. ಈಗ ಕುಂಬಳೆಯ ಅರಸರ ಬಗ್ಗೆ ಒಂದು ಪುಸ್ತಕ ಬಂತು ಅಂತಿಟ್ಟುಕೊಳ್ಳಿ. ಕುಂಬಳೆ ಈಗ ಕೇರಳದಲ್ಲಿದೆ, 954.83. ತುಳುನಾಡಿನ ಚರಿತ್ರೆ ಅಂತ ಬರೆದರೆ ಮಂಗಳೂರು ಮುಖ್ಯವಾಗಿ 954.87. ಮದ್ರಾಸ್ ಪ್ರೆಸಿಡೆನ್ಸಿಯ ಆಡಳಿತದ ಪುಸ್ತಕವಾದರೆ 954.82ಕ್ಕೆ ಹೋಗುವುದು ಸಹಜ. ಮೂರರಲ್ಲೂ ನಮ್ಮೂರಿನ ಸುದ್ದಿ ಇದೆ. ಮೂರು ಬೇರೆ ಬೇರೆ ಸಾಲಿನಲ್ಲಿ.

ಹೆಸರಿನದ್ದೂ ಇದೇ ಕತೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ 'ಕಾಸರಗೋಡು ಜಿಲ್ಲೆ' ಎಂದು ಹುಡುಕಿದರೆ ಸಿಗುವುದು ಹೇಗೆ? 1956ಕ್ಕೂ 1984ಕ್ಕೂ ನಡುವಿನದು ಬೇಕಾದರೆ ಕಣ್ಣೂರು ಜಿಲ್ಲೆ ಅಂತ ಹುಡುಕಬೇಕು. 1956ಕ್ಕೂ ಹಿಂದಿನದಕ್ಕೆ ಸೌತ್ ಕೆನರಾ, ಅಂದರೆ ದಕ್ಷಿಣ ಕನ್ನಡದ ಆಗಿನ ಇಂಗ್ಲಿಷ್ ಹೆಸರು. 1894ರಲ್ಲಿ ಸ್ಟರಾಕ್ ಎಂಬ ಅಧಿಕಾರಿ ಬರೆದ ಸೌತ್ ಕೆನರಾ ಮ್ಯಾನುಯಲ್ ಇದೆ. ಆಗಿನ ನಮ್ಮ ಕೃಷಿ, ಗೇಣಿ, ಜಾತಿ, ಮಳೆ, ತೆರಿಗೆ ಎಲ್ಲದರ ವಿವರ ಅದರಲ್ಲಿದೆ. ಒಬ್ಬ ವಿದ್ಯಾರ್ಥಿನಿ ಇಡೀ ಒಂದು ತಿಂಗಳು ಹುಡುಕಿ 'ಕಾಸರಗೋಡಿನ ಬಗ್ಗೆ ಹಳೆಯದು ಏನೂ ಇಲ್ಲ ಸರ್' ಎಂದಿದ್ದಳು. ಸೌತ್ ಕೆನರಾ ಎಂದು ಟೈಪ್ ಮಾಡಿಸಿದೆ. ಅವತ್ತು ಲೈಬ್ರರಿ ಮುಚ್ಚುವಾಗ ರಾತ್ರಿ ಎಂಟೂವರೆ.

ಕೋಲನ್ ವರ್ಗೀಕರಣ ಅಂದರೆ? ಪರೀಕ್ಷೆಗೆ ಬರುತ್ತದೆ.

ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಪದ್ಧತಿ. ಡ್ಯೂಯಿ ಮೊದಲೇ ಕೋಣೆಗಳನ್ನು ಕಟ್ಟಿಟ್ಟು ಪುಸ್ತಕವನ್ನು ಒಳಗೆ ತಳ್ಳುತ್ತಾರೆ. ರಂಗನಾಥನ್ ಪುಸ್ತಕದ ವಿಷಯವನ್ನು ಬಿಡಿ ಅಂಶಗಳಾಗಿ ಒಡೆದು ಮತ್ತೆ ಜೋಡಿಸುತ್ತಾರೆ. ಯಾವ ವಸ್ತು, ಯಾವ ದ್ರವ್ಯ, ಯಾವ ಕ್ರಿಯೆ, ಎಲ್ಲಿ, ಯಾವಾಗ. ಉದಾಹರಣೆಗೆ 'ಕಾಸರಗೋಡಿನಲ್ಲಿ 1970ರ ದಶಕದ ತೆಂಗಿನ ರೋಗ ಚಿಕಿತ್ಸೆ' ಎಂಬ ವಿಷಯದಲ್ಲಿ ತೆಂಗು, ರೋಗ, ಚಿಕಿತ್ಸೆ, ಸ್ಥಳ, ಕಾಲ ಎಲ್ಲಕ್ಕೂ ಬೇರೆ ಬೇರೆ ಚಿಹ್ನೆ ಬಂದು ಕೂರುತ್ತದೆ. ನಡುವೆ ಕೋಲನ್ ಚಿಹ್ನೆ ಬರುವುದರಿಂದ ಆ ಹೆಸರು. ಸಂಖ್ಯೆ ಉದ್ದವಾಗುತ್ತದೆ, ಬೆನ್ನಿನ ಚೀಟಿಯಲ್ಲಿ ಹಿಡಿಸುವುದಿಲ್ಲ. ಆದರೆ ವಿಷಯವನ್ನು ಹೀಗೆ ಒಡೆಯಲು ಕಲಿತರೆ ಹುಡುಕುವುದು ಸುಲಭವಾಗುತ್ತದೆ. ನಿಮ್ಮ ಪ್ರಬಂಧದ ಶೀರ್ಷಿಕೆಯನ್ನು ಒಂದು ಸಲ ಹೀಗೆ ಒಡೆದು ನೋಡಿ.

ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದದ್ದು 1924ರಲ್ಲಿ. ಅದಕ್ಕೂ ಮೊದಲು, 1917ರಲ್ಲಿ, ಪಾಠ ಹೇಳಲು ಶುರು ಮಾಡಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಆಗ ನಮಗೂ ಅದೇ ಜಿಲ್ಲಾ ಕೇಂದ್ರ. ಅವರ ಜನ್ಮದಿನದ ಲೆಕ್ಕದಲ್ಲಿ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಎಂದು ಆಚರಿಸುತ್ತಾರೆ.

ಕೀವರ್ಡ್, ವಿಷಯ ಶೀರ್ಷಿಕೆ: ಎರಡೂ ಒಂದೇ ತಾನೇ?

ಅಲ್ಲ. ಕೀವರ್ಡ್ ನಿಮ್ಮ ಬಾಯಿಗೆ ಬಂದ ಪದ. ವಿಷಯ ಶೀರ್ಷಿಕೆ ಲೈಬ್ರರಿಯವರು ಮೊದಲೇ ಗೊತ್ತು ಮಾಡಿಟ್ಟ ಪದ. ಹಾಗೆ ಗೊತ್ತು ಮಾಡಿಟ್ಟ ಪದಗಳ ಪಟ್ಟಿಗೆ ನಿಯಂತ್ರಿತ ಪದಕೋಶ ಎನ್ನುತ್ತಾರೆ.

ಭೂತಕೋಲದ ಬಗ್ಗೆ ಹುಡುಕುತ್ತೀರಿ ಎನ್ನಿ. ನೀವು ಭೂತಕೋಲ ಎನ್ನುತ್ತೀರಿ. ಇನ್ನೊಬ್ಬರು ಭೂತಾರಾಧನೆ. ಈಚೆಗೆ ದೈವಾರಾಧನೆ ಎನ್ನುವವರು ಜಾಸ್ತಿ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ತೆಯ್ಯಂ ಬರುತ್ತದೆ. ಅದು ಹತ್ತಿರದ್ದು, ಆದರೆ ಅದೇ ಅಲ್ಲ. ಇನ್ನು 1890ರ ದಶಕದಲ್ಲಿ ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿಯ ಸಂಗ್ರಹ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚಾದಾಗ ಇದಕ್ಕೆ ಇಟ್ಟ ಹೆಸರು 'ಡೆವಿಲ್ ವರ್ಶಿಪ್'. ಓದಲು ಸಿಟ್ಟು ಬರುತ್ತದೆ, ಆದರೆ ಆ ಹೆಸರಿನಲ್ಲಿ ಹುಡುಕದಿದ್ದರೆ ಪಾಡ್ದನಗಳ, ಅಂದರೆ ಭೂತಗಳ ಕತೆ ಹೇಳುವ ತುಳು ಹಾಡುಗಳ, ಆ ಹಳೆಯ ಪಾಠಗಳು ಕೈಗೆ ಬರುವುದಿಲ್ಲ. ಒಳ್ಳೆಯ ಕ್ಯಾಟಲಾಗಿನಲ್ಲಿ ಒಂದು ಪದವನ್ನು ಮುಖ್ಯ ಮಾಡಿ, ಉಳಿದವುಗಳ ಕೆಳಗೆ 'ನೋಡಿ' ಎಂದು ಬರೆದಿರುತ್ತಾರೆ. ಹತ್ತಿರದ ಆದರೆ ಬೇರೆಯ ವಿಷಯಕ್ಕೆ 'ಇದನ್ನೂ ನೋಡಿ'. ತೆಯ್ಯಂ ಬರಬೇಕಾದದ್ದು ಈ ಎರಡನೆಯದರಲ್ಲಿ.

ಕಂಪ್ಯೂಟರಿನಲ್ಲಿ ಹುಡುಕಿದರೆ ಇಲ್ಲ ಅನ್ನುತ್ತದೆ, ಕಪಾಟಿನಲ್ಲಿ ಪುಸ್ತಕ ಇದೆ. ಇದೇನು ಮಾಯೆ?

ಮಾಯೆ ಏನೂ ಇಲ್ಲ, ಸೊನ್ನೆ. ಯಕ್ಷಗಾನ ಪ್ರಸಂಗಗಳ ಮೇಲೆ ಕೆಲಸ ಮಾಡುವ ಹುಡುಗನೊಬ್ಬ ನಮ್ಮ ಪಟ್ಟಿಯಲ್ಲಿ 'ಪ್ರಸಂಗ' ಎಂದು ಹುಡುಕಿದ. ಬಂದದ್ದು ನಾಲ್ಕೇ. ಎದುರಿನ ಕಪಾಟಿನಲ್ಲಿ ನಲವತ್ತಕ್ಕೂ ಹೆಚ್ಚು ಇದ್ದವು. ನಾನೂ ತಲೆ ಕೆರೆದುಕೊಂಡೆ. ಕೊನೆಗೆ ಅಕ್ಷರ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯಿತು. ಪಟ್ಟಿ ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿದ್ದರು. 'ಪ್ರಸಂಗ' ಮತ್ತು 'ಪ್ರಸ೦ಗ' ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತು ಮಾಡಿದ ಪದ್ಧತಿ ಯುನಿಕೋಡ್. ಅದರಲ್ಲಿ ಅನುಸ್ವಾರಕ್ಕೆ ಒಂದು ಸಂಖ್ಯೆ, ಸೊನ್ನೆಗೆ ಬೇರೆ ಸಂಖ್ಯೆ. ಯಂತ್ರ ನೋಡುವುದು ಸಂಖ್ಯೆಯನ್ನು. ಕುಂಬಳೆ, ಮಂಗಳೂರು, ಸಂಶೋಧನೆ, ಗ್ರಂಥ ಎಲ್ಲ ಇದೇ ಗುಂಡಿಗೆ ಬಿದ್ದಿದ್ದವು. ಒಂದು ಭಾನುವಾರ ಪೂರ್ತಿ ಕೂತು ಸೊನ್ನೆಗಳನ್ನು ಕಿತ್ತು ಹಾಕಿದೆವು.

ಇನ್ನೊಂದು ತೊಂದರೆ ಹಳೆಯ ಫಾಂಟಿನದು. ಯುನಿಕೋಡ್ ಬಳಕೆಗೆ ಬರುವ ಮುಂಚೆ ಟೈಪ್ ಮಾಡಿದ ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಕನ್ನಡದ ಹಾಗೆ ಕಾಣುವುದು ಫಾಂಟಿನಿಂದ ಮಾತ್ರ. ಅಂಥದ್ದನ್ನು ಯುನಿಕೋಡಿಗೆ ಬದಲಾಯಿಸದೆ ಹುಡುಕಲು ಆಗುವುದಿಲ್ಲ. ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ನೋಡಿ.

ವಿಭಕ್ತಿಯದ್ದೂ ಒಂದು ಕಾಟ ಇದೆ. 'ಕಾಸರಗೋಡು' ಎಂದು ಹುಡುಕಿದರೆ 'ಕಾಸರಗೋಡಿನ' ಎಂದಿರುವುದು ಬರುವುದಿಲ್ಲ. ಅದಕ್ಕೆ ಪದದ ಕೊನೆಯ ಕೊಂಬನ್ನು ಬಿಟ್ಟು 'ಕಾಸರಗೋಡ' ಎಂದು ಬರೆದು ನಕ್ಷತ್ರ ಚಿಹ್ನೆ ಹಾಕಿ. ಆಗ ಕಾಸರಗೋಡು, ಕಾಸರಗೋಡಿನ, ಕಾಸರಗೋಡಿಗೆ ಎಲ್ಲವೂ ಬರುತ್ತವೆ. ಇದಕ್ಕೆ ಟ್ರಂಕೇಶನ್ ಎಂದು ಹೆಸರು. ನಾನು ಕರೆಯುವುದು ಬಾಲ ಕತ್ತರಿಸುವುದು ಅಂತ.

ಒಬ್ಬರೇ ಲೇಖಕರಿಗೆ ನಾಲ್ಕು ಹೆಸರು. ಯಾವುದು ಸರಿ?

ನಮ್ಮ ಕವಿ ಕಿಞ್ಞಣ್ಣ ರೈಗಳನ್ನೇ ತೆಗೆದುಕೊಳ್ಳಿ. ಕಯ್ಯಾರ ಕಿಞ್ಞಣ್ಣ ರೈ ಎಂದು ಬರೆಯಬೇಕಾದರೆ ಞಕಾರಕ್ಕೆ ಞ ಒತ್ತು ಬೇಕು. ಕೀಬೋರ್ಡಿನಲ್ಲಿ ಅದು ಎಲ್ಲಿದೆ ಎಂದು ಎಷ್ಟು ಜನರಿಗೆ ಗೊತ್ತು? ಹಾಗಾಗಿ ಕಿಂಞಣ್ಣ, ಕಿಞಣ್ಣ, ಕಿನ್ಯಣ್ಣ ಎಲ್ಲ ಸಿಗುತ್ತದೆ. ಇಂಗ್ಲಿಷಿನಲ್ಲಿ ಇನ್ನೂ ಬೇರೆ. ಕವಿ ಗೋವಿಂದ ಪೈಗಳದ್ದು ಇನ್ನೊಂದು ತೊಡಕು. ಎಂ. ಗೋವಿಂದ ಪೈ, ಮಂಜೇಶ್ವರ ಗೋವಿಂದ ಪೈ, ಪೈ ಗೋವಿಂದ ಎಂ. ಮೂರನ್ನೂ ನೋಡಿದ್ದೇನೆ. ಇಂಗ್ಲಿಷ್ ಕ್ರಮದಲ್ಲಿ ಕೊನೆಯ ಹೆಸರನ್ನು ಮುಂದೆ ತರುತ್ತಾರೆ. ನಮ್ಮಲ್ಲಿ ಜನ ಪೈ ಅಂತ ಹುಡುಕುತ್ತಾರಾ? ಗೋವಿಂದ ಪೈ ಅಂತಲೇ ಹುಡುಕುವುದು.

ಹೀಗೆ ಹರಡಿದ ರೂಪಗಳಲ್ಲಿ ಒಂದನ್ನು ಅಧಿಕೃತ ಎಂದು ಗೊತ್ತು ಮಾಡಿ, ಉಳಿದ ರೂಪಗಳಿಂದ ಅಲ್ಲಿಗೆ ದಾರಿ ತೋರಿಸುವ ಕೆಲಸಕ್ಕೆ ಅಥಾರಿಟಿ ಕಂಟ್ರೋಲ್ ಎನ್ನುತ್ತಾರೆ. ಈಗಿನ ಸಂಶೋಧಕರಿಗೆ ಇದೇ ಉದ್ದೇಶಕ್ಕೆ ಆರ್ಕಿಡ್ ಎಂಬ 16 ಅಂಕಿಯ ಸಂಖ್ಯೆ ಇದೆ. ಹೆಸರು ಹೇಗೆ ಬರೆದರೂ ಸಂಖ್ಯೆ ಒಂದೇ.

ಊರಿನ ಹೆಸರಿಗೂ ಇದು ಬೇಕು. ನಮ್ಮಲ್ಲಿ ಹೊಸದುರ್ಗ ತಾಲೂಕು ಇದೆ, ಕಾಞಂಗಾಡ್ ಅದರ ಕೇಂದ್ರ. ಚಿತ್ರದುರ್ಗ ಜಿಲ್ಲೆಯಲ್ಲೂ ಹೊಸದುರ್ಗ ತಾಲೂಕು ಇದೆ. ಅಲ್ಲಿನ ಒಂದು ಕೃಷಿ ಕಿರುಹೊತ್ತಗೆಯನ್ನು ಹೆಸರು ನೋಡಿ ನಾನೇ 'ಸ್ಥಳೀಯ' ಕಟ್ಟಿನಲ್ಲಿ ಸೇರಿಸಿದ್ದೆ. ಎರಡು ವರ್ಷ ಅಲ್ಲೇ ಇತ್ತು. ಅದರಲ್ಲಿ ರಾಗಿಯ ಬಗ್ಗೆ ಪುಟಗಟ್ಟಲೆ ಇದ್ದದ್ದನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು.

ಆಂಡ್, ಆರ್, ನಾಟ್ ಹಾಕಿ ಹುಡುಕಿ ಎನ್ನುತ್ತಾರೆ. ಹೇಗೆ?

ಜಾರ್ಜ್ ಬೂಲ್ ಎಂಬ 19ನೇ ಶತಮಾನದ ಗಣಿತಜ್ಞನ ತರ್ಕ. ಆಂಡ್ ಹಾಕಿದರೆ ಫಲಿತಾಂಶ ಕಡಿಮೆಯಾಗುತ್ತದೆ, ಆರ್ ಹಾಕಿದರೆ ಜಾಸ್ತಿಯಾಗುತ್ತದೆ. ನಮ್ಮ ಕಡೆಯವರು ಆರ್ ಅನ್ನು ಧಾರಾಳವಾಗಿ ಬಳಸಬೇಕು. ಕಾಸರಗೋಡು ಆರ್ ಕಾಸರ್‌ಗೋಡ್ ಆರ್ ಸೌತ್ ಕೆನರಾ, ಇವನ್ನು ಒಂದು ಆವರಣದಲ್ಲಿ ಹಾಕಿ, ಆಮೇಲೆ ಆಂಡ್ ಯಕ್ಷಗಾನ. ನಾಟ್ ಅಪಾಯಕಾರಿ. 'ಮಲಯಾಳ' ಬೇಡವೆಂದು ನಾಟ್ ಹಾಕಿದರೆ, ಆ ಪದ ಒಂದು ಸಲ ಬಂದ ಒಳ್ಳೆಯ ಕನ್ನಡ ಲೇಖನವೂ ಹೋಗಿಬಿಡುತ್ತದೆ.

ಐಎಸ್‌ಬಿಎನ್ ಏನು ಹೇಳುತ್ತದೆ?

ಪುಸ್ತಕದ ಆಧಾರ್ ನಂಬರ್ ಅಂದುಕೊಳ್ಳಿ. 2007ರ ಜನವರಿ 1ರಿಂದ 13 ಅಂಕಿ, ಅದಕ್ಕೂ ಮುಂಚೆ 10. 978 ಆದ ಮೇಲೆ 81 ಅಥವಾ 93 ಬಂದರೆ ಭಾರತದ ಪ್ರಕಾಶಕರದ್ದು. ಕೊನೆಯ ಅಂಕಿ ತಪ್ಪು ಹಿಡಿಯಲು ಇರುವುದು. ಸುಮ್ನೆ ಒಂದು ಸಂಖ್ಯೆ ಮಾಡಿ ನೋಡೋಣ: 978812345678, ಇದು 12 ಅಂಕಿ. ಮೊದಲನೆಯದನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, ಮತ್ತೆ 3, ಹೀಗೆ ಗುಣಿಸಿ ಕೂಡಿಸಿ. 138 ಬರುತ್ತದೆ. ಮುಂದಿನ ಹತ್ತರ ಗುಣಕ 140. ವ್ಯತ್ಯಾಸ 2. ಹಾಗಾಗಿ ಕೊನೆಯ ಅಂಕಿ 2. ರಿಜಿಸ್ಟರಿನಲ್ಲಿ ಬರೆಯುವಾಗ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಕೂಡುವುದಿಲ್ಲ.

ಐಎಸ್‌ಬಿಎನ್ ಇದೆ ಎಂದ ಮಾತ್ರಕ್ಕೆ ಪುಸ್ತಕ ಒಳ್ಳೆಯದು ಅಂತಲ್ಲ. ನಮ್ಮ ದೇಶದಲ್ಲಿ ಇದು ಉಚಿತ, ಅರ್ಜಿ ಹಾಕಿದರೆ ಸಿಗುತ್ತದೆ. ಊರಿನ ಎಷ್ಟೋ ಒಳ್ಳೆಯ ಸ್ಮರಣ ಸಂಚಿಕೆಗಳಿಗೆ ಅದು ಇಲ್ಲವೇ ಇಲ್ಲ. ದೇವಸ್ಥಾನದ ಬ್ರಹ್ಮಕಲಶದ ಸಂಚಿಕೆ, ಶಾಲೆಯ ಶತಮಾನೋತ್ಸವದ ಸಂಚಿಕೆ, ಸಹಕಾರಿ ಸಂಘದ ವರದಿ, ಇಂಥವನ್ನು ಗ್ರೇ ಲಿಟರೇಚರ್ ಎನ್ನುತ್ತಾರೆ. ಅಂಗಡಿಯಲ್ಲಿ ಸಿಗದ, ಕ್ಯಾಟಲಾಗಿಗೂ ಸರಿಯಾಗಿ ಬಾರದ ಬರಹ. ಊರಿನ ಚರಿತ್ರೆ ಬರೆಯುವವರಿಗೆ ಚಿನ್ನ ಇರುವುದು ಅಲ್ಲೇ.

ಐಎಸ್‌ಎಸ್‌ಎನ್, ಡಿಒಐ?

ಮೊದಲನೆಯದು ನಿಯತಕಾಲಿಕದ 8 ಅಂಕಿಯ ಸಂಖ್ಯೆ, ಇಡೀ ಪತ್ರಿಕೆಗೆ ಒಂದು. ಎರಡನೆಯದು ಒಂದೊಂದು ಲೇಖನಕ್ಕೆ ಕೊಡುವ ಶಾಶ್ವತ ಗುರುತು. ಪ್ರಕಾಶಕರು ಜಾಲತಾಣ ಬದಲಿಸಿದರೂ ಅದನ್ನು ಹೊಸ ವಿಳಾಸಕ್ಕೆ ಜೋಡಿಸುತ್ತಾರೆ, ನೀವು ಕೊಟ್ಟ ಉಲ್ಲೇಖ ಕೆಡುವುದಿಲ್ಲ.

ಮಲಯಾಳದಲ್ಲಿ ಪ್ರಬಂಧ ಬೇರೆ, ಕನ್ನಡದಲ್ಲಿ ಬೇರೆಯಾ?

ಬೇರೆಯೇ, ಮಾರಾಯ್ರೇ. ಇದರಲ್ಲಿ ಸಿಕ್ಕಿಬೀಳದವರು ಕಾಸರಗೋಡಿನಲ್ಲಿ ಕಡಿಮೆ. ಕನ್ನಡದಲ್ಲಿ ಬರಿ ಪ್ರಬಂಧ ಎಂದರೆ ಶಾಲೆಯಲ್ಲಿ ಬರೆಯುವ ಎಸ್ಸೆ, ಲಲಿತ ಪ್ರಬಂಧ. ಪಿಎಚ್‌ಡಿಯದ್ದು ಮಹಾಪ್ರಬಂಧ. ಮಲಯಾಳದಲ್ಲಿ ಎಸ್ಸೆಗೆ ಉಪನ್ಯಾಸಂ ಎನ್ನುತ್ತಾರೆ, ಸಂಶೋಧನೆಯದ್ದು ಗವೇಷಣ ಪ್ರಬಂಧಂ. ಕನ್ನಡದಲ್ಲಿ ಉಪನ್ಯಾಸ ಎಂದರೆ ಭಾಷಣ. ಹಿಂದಿಯಲ್ಲಿ ಅದೇ ಪದ ಕಾದಂಬರಿ. ಕಾಲೇಜಿನ ನೋಟಿಸಿನಲ್ಲಿ ಉಪನ್ಯಾಸ ಸ್ಪರ್ಧೆ ಎಂದು ಬಂದಾಗ ಭಾಷಣ ತಯಾರು ಮಾಡಿಕೊಂಡು ಹೋದ ಹುಡುಗಿಗೆ ಕೈಗೆ ಪೇಪರು ಕೊಟ್ಟು ಬರೆ ಎಂದರಂತೆ.

ಗವೇಷಣೆ ಒಳ್ಳೆಯ ಪದ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ದನ ಹುಡುಕುವುದು. ಸಂಜೆ ಹಟ್ಟಿಗೆ ಬಾರದ ದನವನ್ನು ಗುಡ್ಡ ಗುಡ್ಡ ಹುಡುಕಿದವರಿಗೆ ಸಂಶೋಧನೆ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಸಾಹಿತ್ಯ ಸಮೀಕ್ಷೆ ಮಾಡಿ ಎಂದರು ಗೈಡು. ನನ್ನ ವಿಷಯ ಅಡಿಕೆ ಕೃಷಿ. ಕವಿತೆ ಕಥೆ ಯಾಕೆ?

ಕವಿತೆ ಬೇಡ. ಇಲ್ಲಿ ಸಾಹಿತ್ಯ ಎಂದರೆ ಆ ವಿಷಯದ ಮೇಲೆ ಈ ಮೊದಲು ಬಂದ ಎಲ್ಲ ಬರಹ. ಇಂಗ್ಲಿಷಿನಿಂದ ತಂದ ಪದ, ಹಾಗಾಗಿ ಗೊಂದಲ. 'ಪೂರ್ವ ಅಧ್ಯಯನಗಳ ಅವಲೋಕನ' ಎಂದರೆ ಮುಗಿಯುತ್ತಿತ್ತು. ಅಡಿಕೆ, ತೆಂಗು ಆದರೆ ನಿಮ್ಮ ಪುಣ್ಯ. ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಇರುವ ಜಾಗದಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. ಅವರ ವಾರ್ಷಿಕ ವರದಿಗಳಿಂದ ಶುರು ಮಾಡಿ.

ಪ್ರಾಥಮಿಕ ಆಕರ, ದ್ವಿತೀಯಕ ಆಕರ: ಹೇಗೆ ಗುರುತಿಸುವುದು?

ಆಕರ ಎಂದರೆ ಗಣಿ. ಅಗೆದು ತೆಗೆಯುವ ಜಾಗ. ಘಟನೆ ನಡೆದ ಕಾಲದ್ದೇ ದಾಖಲೆ, ನೋಡಿದವರ ಮಾತು, ಕೈಬರಹ, ಶಾಸನ, ಗೇಣಿ ಚೀಟಿ ಪ್ರಾಥಮಿಕ. ಅವನ್ನು ಇಟ್ಟುಕೊಂಡು ಆಮೇಲೆ ಬರೆದದ್ದು ದ್ವಿತೀಯಕ. ನಿಘಂಟು, ವಿಶ್ವಕೋಶ, ಗ್ರಂಥಸೂಚಿಗಳು ತೃತೀಯಕ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಒಂದೇ ಪುಸ್ತಕ ಎರಡೂ ಆಗಬಹುದು. ಗಡಿ ವಿವಾದದ ಮಹಾಜನ ಆಯೋಗದ ವರದಿ 1967ರದ್ದು. ಚಂದ್ರಗಿರಿಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಅದು ಶಿಫಾರಸು ಮಾಡಿತು, ಜಾರಿಯಾಗಲಿಲ್ಲ. ನಿಮ್ಮ ಪ್ರಶ್ನೆ 'ಆಯೋಗ ಏನು ಹೇಳಿತು' ಎಂದಾದರೆ ವರದಿ ಪ್ರಾಥಮಿಕ ಆಕರ. 'ಹಿಂದಿನ ಶತಮಾನಗಳಲ್ಲಿ ಇಲ್ಲಿ ಯಾವ ಭಾಷೆ ಹೆಚ್ಚು ಇತ್ತು' ಎಂದಾದರೆ ಅದೇ ವರದಿ ದ್ವಿತೀಯಕ, ಅವರು ಯಾವ ದಾಖಲೆ ನೋಡಿ ಹೇಳಿದರು ಎಂದು ಹಿಂದೆ ಹೋಗಬೇಕು. ಅಂದರೆ ಪ್ರಾಥಮಿಕವೋ ಅಲ್ಲವೋ ಎಂಬುದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ.

ಅಜ್ಜಿಯ ಹತ್ತಿರ ಕೂತು ಕೇಳಿ ರೆಕಾರ್ಡ್ ಮಾಡಿದ್ದೂ ಪ್ರಾಥಮಿಕ ಆಕರವೇ. ದಿನಾಂಕ, ಜಾಗ, ಹೇಳಿದವರ ವಯಸ್ಸು, ಮಾತಾಡಿದ ಭಾಷೆ ಬರೆದಿಡಿ. ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ ಮರಾಟಿಯಲ್ಲೋ ಹೇಳಿದ್ದನ್ನು ನೀವು ಶಿಷ್ಟ ಕನ್ನಡ ಮಾಡಿ ಬರೆದರೆ ಅದು ಅನುವಾದ, ಹಾಗಂತ ಒಪ್ಪಿಕೊಳ್ಳಿ.

ಅಡಿಟಿಪ್ಪಣಿ, ಗ್ರಂಥಋಣ, ಪದಸೂಚಿ ಎಲ್ಲ ಹಾಕಲೇಬೇಕಾ?

ಅಡಿಟಿಪ್ಪಣಿ ಆ ಮಾತು ಎಲ್ಲಿಂದ ಬಂತು ಎಂದು ಅದೇ ಪುಟದಲ್ಲಿ ಹೇಳುತ್ತದೆ. ಗ್ರಂಥಋಣ ಕೊನೆಯಲ್ಲಿ ಬರುವ ಪುಸ್ತಕಗಳ ಪಟ್ಟಿ. ಪಟ್ಟಿಗೆ ಸಾಲದ ಹೆಸರಿಟ್ಟದ್ದು ನನಗೆ ಬಹಳ ಹಿಡಿಸುತ್ತದೆ, ಗ್ರಂಥಸೂಚಿ ಎಂಬುದು ಅದರ ಮುಂದೆ ಸಪ್ಪೆ. ಪದಸೂಚಿ ಪುಸ್ತಕದಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುತ್ತದೆ. ಕನ್ನಡ ಪುಸ್ತಕಗಳಲ್ಲಿ ಬಿಟ್ಟುಬಿಡುವುದು ಇದನ್ನೇ. 500 ಪುಟದ ಊರ ಚರಿತ್ರೆಯಲ್ಲಿ ಪದಸೂಚಿ ಇಲ್ಲದಿದ್ದರೆ, ತಮ್ಮ ತರವಾಡಿನ (ಕುಟುಂಬದ ಮೂಲಮನೆಯ) ಹೆಸರು ಹುಡುಕುವವರು ಇಡೀ ಪುಸ್ತಕ ಮಗುಚಬೇಕು. ನಾನೂ ಮಗುಚಿದ್ದೇನೆ.

ಕೃತಿಚೌರ್ಯಕ್ಕೂ ಕಾಪಿರೈಟಿಗೂ ಏನು ವ್ಯತ್ಯಾಸ?

ಕೃತಿಚೌರ್ಯ ಎಂದರೆ ಬೇರೆಯವರದ್ದನ್ನು ನಿಮ್ಮದೆಂದು ತೋರಿಸುವುದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಲ್ಲಿ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆ ಇಲ್ಲ, ಅದರ ಮೇಲೆ 40, 60 ಎಂದು ಹಂತಗಳಿವೆ. ಕಾಪಿರೈಟ್ ಬೇರೆ ವಿಷಯ, ಅದು ಮರುಮುದ್ರಣದ ಹಕ್ಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ಕಿಞ್ಞಣ್ಣ ರೈಗಳದ್ದಕ್ಕೆ 2075 ಮುಗಿಯುವವರೆಗೆ ಕಾಯಬೇಕು. ಹಕ್ಕು ಮುಗಿದ ಬರಹವನ್ನೂ ನಿಮ್ಮ ಹೆಸರಿನಲ್ಲಿ ಹಾಕಿಕೊಂಡರೆ ಅದು ಚೌರ್ಯವೇ.

ಬೇರೆಯವರ ಪಿಎಚ್‌ಡಿ ಪ್ರಬಂಧಗಳು ಎಲ್ಲಿ ಸಿಗುತ್ತವೆ?

ಶೋಧಗಂಗಾದಲ್ಲಿ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಎಂಬ ಸಂಸ್ಥೆ ಅಂತರ್ಜಾಲದಲ್ಲಿ ನಡೆಸುವ ಭಂಡಾರ, ಉಚಿತ. ಕಾಸರಗೋಡಿನ ವಿಷಯವಾದರೆ ಕಣ್ಣೂರು ಮತ್ತು ಮಂಗಳೂರು ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ನಾಲ್ಕೂ ಕಡೆ ಹುಡುಕಿ. ಶೀರ್ಷಿಕೆಯನ್ನು ಕನ್ನಡ ಲಿಪಿ, ರೋಮನ್ ಲಿಪಿ ಎರಡರಲ್ಲೂ ಕೊಟ್ಟು ನೋಡಿ. ಅಚ್ಚಾದ ಪುಸ್ತಕ ಎಲ್ಲೂ ಸಿಗದಿದ್ದರೆ ಡಿಪಾಸಿಟ್ ಲೈಬ್ರರಿ ಎಂಬ ಪದ ನೆನಪಿಡಿ. 1954ರ ಕಾಯಿದೆ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈಯ ಕನ್ನೆಮರಾ ಮತ್ತು ಮುಂಬೈ, ದೆಹಲಿಯ ಒಂದೊಂದು ಗ್ರಂಥಾಲಯಕ್ಕೆ ಕಳಿಸಬೇಕು. ಎಲ್ಲರೂ ಕಳಿಸುತ್ತಾರೆ ಎಂದಲ್ಲ.

ನಿಘಂಟು, ವಿಶ್ವಕೋಶ ಮನೆಗೆ ಯಾಕೆ ಕೊಡುವುದಿಲ್ಲ?

ಅವು ಪರಾಮರ್ಶನ ಪುಸ್ತಕಗಳು. ಐದು ನಿಮಿಷ ನೋಡಿ ಬಿಡುವಂಥವು. ನೀವು ಒಯ್ದರೆ ಉಳಿದವರು ಹದಿನೈದು ದಿನ ಕಾಯಬೇಕು. ಫೋಟೋ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ.

ಮನೆಯ ಅಟ್ಟದಲ್ಲಿ ತಾಳೆಗರಿ ಕಟ್ಟು ಸಿಕ್ಕಿದೆ. ಏನು ಮಾಡಲಿ?

ಮೊದಲು, ಏನೂ ಮಾಡಬೇಡಿ. ಬಿಸಿಲಿಗೆ ಹಾಕಬೇಡಿ. ತೆಂಗಿನೆಣ್ಣೆ ಸವರಬೇಡಿ. ಒಣಗಿದ ದಾರವನ್ನು ಎಳೆದು ಬಿಚ್ಚಬೇಡಿ, ಗರಿ ತೂತಿನ ಹತ್ತಿರ ಹರಿಯುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಇಡಿ.

ಲಿಪಿ ಮಲಯಾಳದ ಹಾಗೆ ಕಂಡರೆ ಮಲಯಾಳವೇ ಎಂದುಕೊಳ್ಳಬೇಡಿ. ತುಳು ಅಥವಾ ತಿಗಳಾರಿ ಲಿಪಿ ಅದಕ್ಕೆ ಹತ್ತಿರದ್ದು, ಇಲ್ಲಿನ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಅದೇ. ಭಾಷೆ ಸಂಸ್ಕೃತವೋ ಕನ್ನಡವೋ ತುಳುವೋ ಇರಬಹುದು. ಈ ಲಿಪಿಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರಲ್ಲಿ.

ಪ್ರತಿ ಮಾಡಿದವನು ಕೊನೆಯಲ್ಲಿ ತನ್ನ ಹೆಸರು, ಊರು, ಬರೆದು ಮುಗಿಸಿದ ದಿನ ಹೇಳುವ ಭಾಗಕ್ಕೆ ಪುಷ್ಪಿಕೆ ಎನ್ನುತ್ತಾರೆ. ಒಂದೇ ಕೃತಿಯ ಬೇರೆ ಪ್ರತಿಗಳಲ್ಲಿ ಕಾಣುವ ವ್ಯತ್ಯಾಸ ಪಾಠಾಂತರ. ಪುಷ್ಪಿಕೆಯಲ್ಲಿ ಸಾಮಾನ್ಯವಾಗಿ ಸಂವತ್ಸರದ ಹೆಸರು ಇರುತ್ತದೆ, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 'ಪ್ಲವ' ಎಂದಿದ್ದರೆ 1901 ಆಗಬಹುದು, 1841 ಆಗಬಹುದು, 1781 ಕೂಡ. ತಿಂಗಳು, ತಿಥಿ, ವಾರ ಮೂರೂ ಇದ್ದರೆ ಲೆಕ್ಕ ಹಾಕಿ ಯಾವುದೆಂದು ಹೇಳಲು ಆಗುತ್ತದೆ. ಹಾಗಾಗಿ ಕಟ್ಟನ್ನು ತರುವ ಮೊದಲು, ಹಗಲು ಬೆಳಕಿನಲ್ಲಿ ಕೊನೆಯ ಗರಿಯ ಎರಡೂ ಬದಿಯ ಫೋಟೋ ತೆಗೆದುಕೊಂಡು ಬನ್ನಿ. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ತೆಗೆಯಿರಿ.